ಮುಳುಗದ ಹನಿ

ಇಂಗ್ಲೆಂಡಿಗೆ ಬಂದ ಎರಡನೇ ವರ್ಷ ಮೊದಲ ಸಲ ಇಲ್ಲಿ ರಕ್ತ ಕೊಡಲು ಹೋದೆ. ಶಿಬಿರ ಇದ್ದದ್ದು ಆಸ್ಪತ್ರೆಯಲ್ಲಲ್ಲ, ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ. ಹೋದ ಕೂಡಲೇ ಅರ್ಧ ಲೀಟರ್ ನೀರು ಕುಡಿಸಿದರು. ಆಮೇಲೆ ಪರದೆಯ ಹಿಂದೆ ಕೂರಿಸಿ ಒಂದಿಷ್ಟು ಪ್ರಶ್ನೆ ಕೇಳಿ, ಬೆರಳು ಚುಚ್ಚಿದರು.

ನರ್ಸ್ ಒಂದು ಹನಿ ರಕ್ತವನ್ನು ನೀಲಿ ನೀರಿದ್ದ ಸಣ್ಣ ಬಾಟಲಿಗೆ ಬಿಟ್ಟರು. ನಾವು ಮೈಲುತುತ್ತ ಅಂತೀವಲ್ಲ, ಅದನ್ನು ಕರಗಿಸಿದ ನೀರು. ಹಿಮೋಗ್ಲೋಬಿನ್ ಸಾಕಷ್ಟಿದ್ದರೆ ಹನಿ ಭಾರವಾಗಿ, 15 ಸೆಕೆಂಡಿನೊಳಗೆ ತಳ ಸೇರುತ್ತದೆ. ನನ್ನ ಹನಿ ಸ್ವಲ್ಪ ಇಳಿಯಿತು, ನಡುವೆ ನಿಂತಿತು, ನಿಧಾನಕ್ಕೆ ಮೇಲೆ ಬಂತು. ಯಂತ್ರದಲ್ಲಿ ಮತ್ತೊಮ್ಮೆ ನೋಡಿದಾಗ 11.2. ರಕ್ತ ಕೊಡುವ ಹೆಂಗಸರಿಗೆ 12.5 ಇರಬೇಕು.

"ಇವತ್ತು ಬೇಡ" ಅಂದರು ನರ್ಸ್. ನನಗೆ ಅಳುವೇ ಬಂತು. ಅವರು ಕುರ್ಚಿ ಹತ್ತಿರ ಎಳೆದುಕೊಂಡು, "ಈ ಸಂಖ್ಯೆಯನ್ನು ನಿಮ್ಮ ಡಾಕ್ಟರಿಗೆ ತೋರಿಸಿ, ಈ ವಾರವೇ" ಅಂತ ಬರೆದು ಕೊಟ್ಟರು.

ಒಂದು ವರ್ಷದಿಂದ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಕೂದಲು ಉದುರುತ್ತಿತ್ತು. ಚಳಿ ಊರು, ಹೊಸ ಕೆಲಸ, ಅದಕ್ಕೇ ಇರಬೇಕು ಅಂದುಕೊಂಡಿದ್ದೆ. ಡಾಕ್ಟರ್ ಪರೀಕ್ಷೆ ಮಾಡಿಸಿದರೆ ದೇಹದಲ್ಲಿ ಕಬ್ಬಿಣದ ಸಂಗ್ರಹವೇ ಬರಿದಾಗಿತ್ತು. ತಿಂಗಳ ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿದ್ದದ್ದು ಕಾರಣ. ಮಾತ್ರೆ ಶುರುವಾಯಿತು. ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೂರು ತಿಂಗಳು ನುಂಗಿಸಿದರು, ಒಳಗಿನ ಸಂಗ್ರಹ ತುಂಬಲಿ ಅಂತ. ಈ ಮಾತು ಎಷ್ಟೋ ಜನರಿಗೆ ಗೊತ್ತಿಲ್ಲ. ಸುಸ್ತು ಹೋಯಿತು ಅಂತ ಮಾತ್ರೆ ಬಿಟ್ಟುಬಿಡುತ್ತಾರೆ.

ಮರುವರ್ಷ ಮತ್ತೆ ಹೋದೆ. ಹನಿ ಸೀದಾ ತಳಕ್ಕೆ ಹೋಯಿತು! 470 ಮಿಲಿಲೀಟರ್ ರಕ್ತ, ಹತ್ತು ನಿಮಿಷವೂ ಹಿಡಿಯಲಿಲ್ಲ. ಕೆಲವು ದಿನ ಕಳೆದ ಮೇಲೆ ಫೋನಿಗೆ ಒಂದು ಸಂದೇಶ ಬಂತು: ನಿಮ್ಮ ರಕ್ತವನ್ನು ಇಂಥ ಆಸ್ಪತ್ರೆಗೆ ಕಳಿಸಿದ್ದೇವೆ. ಯಾರಿಗೆ ಅಂತ ಹೇಳುವುದಿಲ್ಲ. ಬಸ್ಸಿನಲ್ಲಿ ನಿಂತು ಅದನ್ನು ನಾಲ್ಕು ಸಲ ಓದಿದೆ. ಭಾರತದಲ್ಲಿದ್ದಾಗ ರಕ್ತ ಅಂದರೆ ನಡುರಾತ್ರಿಯ ಫೋನು. ಯಾರದೋ ಅತ್ತೆಗೆ ಆಪರೇಷನ್, ಬದಲಿಗೆ ಕೊಡುವವರನ್ನು ಕರೆತನ್ನಿ ಅಂದಿದ್ದಾರೆ, ಬೇಗ ಬನ್ನಿ. ಇಲ್ಲಿ ರೋಗಿಯ ಮನೆಯವರು ಯಾರನ್ನೂ ಹುಡುಕಿಕೊಂಡು ಓಡಾಡಬೇಕಿಲ್ಲ. ಮೊದಲೇ ಯಾರೋ ಕೊಟ್ಟಿಟ್ಟಿರುತ್ತಾರೆ. ಅಂದಹಾಗೆ ಹೆಂಗಸರು ಇಲ್ಲಿ 16 ವಾರಕ್ಕೊಮ್ಮೆ, ಗಂಡಸರು 12 ವಾರಕ್ಕೊಮ್ಮೆ ಕೊಡಬಹುದು. ಭಾರತಕ್ಕೆ ಹೋಗಿ ಬಂದರೆ ಮಲೇರಿಯಾ ಭಯಕ್ಕೆ ನಾಲ್ಕು ತಿಂಗಳು ಕಾಯಬೇಕು.

ಆ ಹನಿ ನನ್ನ ತಲೆಯಿಂದ ಹೋಗಲಿಲ್ಲ. ಇಲ್ಲಿನ ಕನ್ನಡಿಗರು ಕೂಡಿ ಆರೋಗ್ಯ ತಪಾಸಣಾ ಶಿಬಿರ ಮಾಡುವಾಗ ನಾನೂ ಸೇರಿಕೊಂಡೆ. ನನ್ನ ಕೈಯಲ್ಲಿ ಟೇಪು, ಸೊಂಟದ ಸುತ್ತಳತೆ ತೆಗೆಯುವ ಕೆಲಸ. "ನಾನು ಸಣ್ಣಗೇ ಇದೀನಲ್ವಾ, ನನಗ್ಯಾಕೆ?" ಅಂತ ಎಲ್ಲರದ್ದೂ ಒಂದೇ ಮಾತು. ಎತ್ತರ ತೂಕದ ಲೆಕ್ಕ, ಅಂದರೆ ಬಿಎಂಐ, ಇಲ್ಲಿನ ಬಿಳಿಯರಿಗೆ 25 ದಾಟಿದರೆ ಎಚ್ಚರಿಕೆ. ನಮ್ಮಂಥವರಿಗೆ 23ಕ್ಕೇ. ಕೈಕಾಲು ಸಣ್ಣಗಿದ್ದರೂ ನಮಗೆ ಕೊಬ್ಬು ಹೊಟ್ಟೆಯಲ್ಲಿ ಕೂರುತ್ತದೆ, ಶುಗರ್ ಬೇಗ ಬರುತ್ತದೆ. ಇದನ್ನು ಹೇಳುವಾಗ ಟೇಪು ತೋರಿಸಿದರೆ ಜನ ಸುಮ್ನೆ ಕೇಳಿಸಿಕೊಳ್ಳುತ್ತಾರೆ.

ಆದರೆ ಶಿಬಿರದಲ್ಲಿ ಯಾರಿಗೂ ಕಾಯಿಲೆ ಇದೆ ಅಂತ ತೀರ್ಮಾನ ಆಗುವುದಿಲ್ಲ. ಓಡಿಬಂದು ಕೂತರೆ ಬಿಪಿ ಹೆಚ್ಚು ತೋರಿಸಬಹುದು. ಊಟ ಆದ ತಕ್ಷಣದ ಶುಗರ್ ಬೇರೆ. ಮತ್ತೆ ನೋಡಲೇಬೇಕು. ಹಾಗಾಗಿ ನಾವು ಸಂಖ್ಯೆ ಹೆಚ್ಚಿದ್ದವರ ಹೆಸರು ಬರೆದುಕೊಂಡು, ಅವರನ್ನು ಕೇಳಿಯೇ, ಎರಡು ವಾರ ಬಿಟ್ಟು ಫೋನ್ ಮಾಡುತ್ತೇವೆ. "ಡಾಕ್ಟರ್ ಹತ್ತಿರ ಹೋದ್ರಾ?" ಇಡೀ ಶಿಬಿರದಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವುದು ಈ ಫೋನೇ. ನನಗೂ ಅವತ್ತು ಆ ನರ್ಸ್ "ಈ ವಾರವೇ" ಅನ್ನದಿದ್ದರೆ ಚೀಟಿ ಬ್ಯಾಗಿನಲ್ಲೇ ಉಳಿಯುತ್ತಿತ್ತು.

ಹೋದ ಚಳಿಗಾಲ ಊರಲ್ಲಿರುವ ಅಪ್ಪನ ಹತ್ತಿರ ಫೋನಿನಲ್ಲಿ ಇದನ್ನೆಲ್ಲ ಹೇಳುತ್ತಿದ್ದೆ. "ನಮ್ಮಲ್ಲೂ ಶಿಬಿರ ಆಗಿತ್ತು ಕಣಮ್ಮ, ನಾನೂ ತೋರಿಸಿದೆ" ಅಂದರು.

"ಎಷ್ಟು ಬಂತು?"

"ಚೀಟಿ ಇಲ್ಲೇ ಎಲ್ಲೋ ಇದೆ."

ಬೀರು ತೆಗೆದ ಸದ್ದು ಕೇಳಿಸಿತು. ಕನ್ನಡಕ ಹುಡುಕಿದರು. ಆಮೇಲೆ ಓದಿದರು: ಬಿಪಿ ಮೇಲೆ 168, ಕೆಳಗೆ 98. ಶಿಬಿರ ಆಗಿ ನಾಲ್ಕು ತಿಂಗಳಾಗಿತ್ತು.

ಮರುದಿನವೇ ಡಾಕ್ಟರ್ ಹತ್ತಿರ ಹೋದರು. ಈಗ ದಿನಕ್ಕೊಂದು ಮಾತ್ರೆ. ಪ್ರತಿ ಭಾನುವಾರ ಬಿಪಿ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದು ಅದರ ಫೋಟೋ ಕಳಿಸುತ್ತಾರೆ. ನೀವೂ ಇವತ್ತು ಬೀರು ತೆಗೆದು ನೋಡಿ, ದಯವಿಟ್ಟು. ಹಳೆಯ ಶಿಬಿರದ ಚೀಟಿ ಇದ್ದರೂ ಇರಬಹುದು.