ಇದೇನಾ ಫೈನಲ್ಲು?

"ಹಾಡು ಬಂತು, ಚೆನ್ನಾಗಿದೆ. ಮ್ಯೂಸಿಕ್ ಎಲ್ಲ ಹಾಕಿ ಮುಗಿದ ಮೇಲೆ ಫೈನಲ್ ಕಳಿಸಿಬಿಡಿ."

"ಇದೇ ಫೈನಲ್."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇದೇನಾ?"

ಮಂಗಳವಾರ ರಾತ್ರಿಯ ಮಾತು. ಫೋನು ಸ್ಪೀಕರಿನಲ್ಲಿತ್ತು. ಎದುರಿಗೆ ದೊಡ್ಡಮ್ಮ ಕೂತು ಬೀನ್ಸ್ ಹೆಚ್ಚುತ್ತಿದ್ದಳು. ಅವಳು ತಲೆ ಎತ್ತಲಿಲ್ಲ, ಆದರೆ ಚಾಕು ನಿಂತಿತು. ನಾನು ಫೋನಿಟ್ಟ ಮೇಲೆ ಹೇಳಿದಳು: "ಬೇಕಾದ್ರೆ ತಬಲಾ ಗಿಬಲಾ ಹಾಕ್ಸು ಮಾರಾಯ. ನನ್ನಿಂದ ಅವರಿಗೆ ತೊಂದ್ರೆ ಆಗೋದು ಬೇಡ."

ಫೋನಿನಲ್ಲಿದ್ದವರ ಮಾತಿಗಿಂತ ಇದು ನನ್ನನ್ನು ಹೆಚ್ಚು ಕಲಕಿತು. ಎಪ್ಪತ್ತು ದಾಟಿದವಳು, ಸಾಗರದ ಕಡೆ ಮದುವೆ ಮನೆಗಳಲ್ಲಿ ಅವಳು ಹಾಡು ಎತ್ತಿದರೆ ಉಳಿದ ಹೆಂಗಸರು ದನಿ ಸೇರಿಸುತ್ತಿದ್ದರು. ಇಲ್ಲಿ ಡಲ್ಲಾಸಿಗೆ ಮಗನ ಮನೆಗೆಂದು ಬಂದವಳು ನಮ್ಮಲ್ಲಿ ನಾಲ್ಕು ದಿನ ಇರಲು ಬಂದಿದ್ದಾಳೆ. ಇಲ್ಲಿನ ಕನ್ನಡದವರು ಹಬ್ಬಕ್ಕೆ ಹಳೆಯ ಹಾಡುಗಳ ಆಡಿಯೊ ಒಟ್ಟು ಮಾಡುತ್ತಿದ್ದಾರೆಂದು ಗೊತ್ತಾಗಿ, ಹಸೆಗೆ ಕರೆಯುವ ಹಾಡೊಂದನ್ನು ಬೆಳಿಗ್ಗೆ ಬೇಗ ರೆಕಾರ್ಡ್ ಮಾಡಿದೆ. ಎ.ಸಿ. ನಿಲ್ಲಿಸಿ, ಫ್ರಿಜ್ಜಿನ ಪ್ಲಗ್ ತೆಗೆದು, ಊಟದ ಮೇಜಿನ ಮೇಲೆ ಮೈಕ್ ಇಟ್ಟು. ಶ್ರುತಿಪೆಟ್ಟಿಗೆ ಬೇಕಾ ಎಂದು ಕೇಳಿದ್ದಕ್ಕೆ ಬೇಡವೆಂದಳು. ಮೂರನೆಯ ನುಡಿಗೆ ಮುಂಚೆ ಉಸಿರು ತೆಗೆದುಕೊಳ್ಳುವುದು ಕೇಳುತ್ತದೆ. ನನಗೆ ಆ ಉಸಿರೂ ಹಾಡಿನದೇ ಭಾಗ.

"ಇದೇನಾ?" ಎಂದವರು, ಆ ಆಡಿಯೊ ಒಟ್ಟು ಮಾಡುತ್ತಿರುವವರು, ಕೆಟ್ಟವರಲ್ಲ. ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಸಾರು-ಅನ್ನದ ಡಬ್ಬಿ ಹೋಗುವುದು ಅವರ ಮನೆಯಿಂದ. ಆದರೆ ಅವರಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಕಾರ್ಯಕ್ರಮದಲ್ಲಿ ಎರಡು ಐಟಂ ನಡುವೆ ಅರೆಗಳಿಗೆ ಮೌನವಾದರೆ ಸಾಕು, ಮೈಕ್ ಹಿಡಿದು ಓಡಿ ಬರುತ್ತಾರೆ. ಹಾಡೆಂದರೆ ಕೀಬೋರ್ಡ್, ತಬಲಾ, ನಡುವೆ ಕೊಳಲು ಇವೆಲ್ಲ ಇರಲೇಬೇಕು. ಇಲ್ಲದಿದ್ದರೆ ಅದು ಇನ್ನೂ ಆಗಬೇಕಾದ ಹಾಡು.

ಈ ಪ್ರಶ್ನೆ ನನಗೆ ಹೊಸದಲ್ಲ. ಐವತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆ ಎದುರಿಸಿದ ಒಂದು ಆಲ್ಬಮ್ಮನ್ನು ಕಾರಿನಲ್ಲಿ ಕೇಳುತ್ತಲೇ ಈ ಊರಿನ ದಾರಿಗಳನ್ನು ಕಲಿತವನು ನಾನು. ಅದು ರೆಕಾರ್ಡ್ ಆದದ್ದೂ ಇಲ್ಲೇ, ಡಲ್ಲಾಸಿಗೆ ಅಂಟಿಕೊಂಡಿರುವ ಗಾರ್ಲೆಂಡಿನಲ್ಲಿ. ಕಂಟ್ರಿ ಎಂಬ ಅಮೆರಿಕದ ಹಳ್ಳಿಗಾಡಿನ ಸಂಗೀತದ ಗಾಯಕ ವಿಲ್ಲಿ ನೆಲ್ಸನ್‌ನ 'ರೆಡ್ ಹೆಡೆಡ್ ಸ್ಟ್ರೇಂಜರ್'.

1975ರ ಜನವರಿ. ವಿಲ್ಲಿಗೆ ಆಗ 41. ಅದಕ್ಕೆ ಮುಂಚೆ ಕಂಟ್ರಿ ಸಂಗೀತದ ರಾಜಧಾನಿಯಾದ ನ್ಯಾಶ್‌ವಿಲ್ಲಿನಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದ್ದ. ಅವನು ಬರೆದುಕೊಟ್ಟ ಹಾಡುಗಳಿಂದ ಬೇರೆಯವರು ಹೆಸರು ಮಾಡಿದರು. ಪ್ಯಾಟ್ಸಿ ಕ್ಲೈನ್ 1961ರಲ್ಲಿ ಹಾಡಿದ 'ಕ್ರೇಜಿ' ಅವನದೇ. ಅವನೇ ಹಾಡಿದಾಗ ಮಾತ್ರ ಅಂಥ ಯಶಸ್ಸು ಬರಲಿಲ್ಲ. ಆ ಕಾಲದ ನ್ಯಾಶ್‌ವಿಲ್ಲಿನ ರೂಢಿ ಹಾಗಿತ್ತು: ಗಾಯಕ ಹಾಡಿ ಹೋಗಬೇಕು, ನಿರ್ಮಾಪಕರು ವಯಲಿನ್ನುಗಳನ್ನೂ ಹಿಮ್ಮೇಳದ ಕೋರಸ್ಸನ್ನೂ ಸೇರಿಸಿ ನುಣುಪು ಮಾಡಬೇಕು. ವಿಲ್ಲಿಯ ದನಿಗೆ ಆ ನುಣುಪು ಕೂಡುವುದಿಲ್ಲ. ಅವನು ತಾಳದ ಮೇಲೆ ಸರಿಯಾಗಿ ಕೂತು ಹಾಡುವವನಲ್ಲ. ನಮ್ಮ ಸಂಗೀತದಲ್ಲಿ ಅತೀತ, ಅನಾಗತ ಎನ್ನುತ್ತಾರಲ್ಲ, ಹಾಗೆ ಒಮ್ಮೆ ಮುಂಚೆ, ಒಮ್ಮೆ ತಡವಾಗಿ ಬಂದು, ಎಲ್ಲೋ ಬಿದ್ದೇ ಹೋದ ಎನ್ನುವಷ್ಟರಲ್ಲಿ ಸಾಲನ್ನು ತಂದು ಮುಟ್ಟಿಸುತ್ತಾನೆ. ಸುತ್ತ ಮೂವತ್ತು ವಾದ್ಯಗಳಿದ್ದರೆ ಈ ಓಲಾಟಕ್ಕೆ ಜಾಗವೆಲ್ಲಿ?

ನ್ಯಾಶ್‌ವಿಲ್ಲಿನ ಹತ್ತಿರದ ಅವನ ಮನೆಗೆ ಬೆಂಕಿ ಬಿತ್ತು, ಅವನು ಟೆಕ್ಸಾಸಿಗೆ ಮರಳಿ ಆಸ್ಟಿನ್ ಸೇರಿದ. ಉದ್ದ ಕೂದಲಿನ ಹಿಪ್ಪಿಗಳೂ ಬೂಟು ಹಾಕಿದ ದನಗಾಹಿಗಳೂ ಒಟ್ಟಿಗೆ ಕೂತು ಅವನನ್ನು ಕೇಳಿದ್ದು ಅಲ್ಲಿ. ಕೊಲಂಬಿಯಾ ಎಂಬ ರೆಕಾರ್ಡ್ ಕಂಪನಿಯ ಜೊತೆ ಒಪ್ಪಂದವಾದಾಗ ಅವನು ಹಿಡಿದು ಪಡೆದದ್ದು ಒಂದೇ ಒಂದು ಮುಖ್ಯ ಷರತ್ತು: ಆಲ್ಬಮ್ ಹೇಗಿರಬೇಕೆಂಬ ಕೊನೆಯ ಮಾತು ತನ್ನದು.

ಆಮೇಲೆ ಗಾರ್ಲೆಂಡಿನ ಆಟಮ್ ಸೌಂಡ್ ಎಂಬ ಹೊಸ ಸ್ಟುಡಿಯೊಕ್ಕೆ ತನ್ನದೇ ತಂಡ ಕಟ್ಟಿಕೊಂಡು ಹೋದ. ಪಿಯಾನೊಗೆ ಅಕ್ಕ ಬಾಬಿ, ಡ್ರಮ್ಸ್‌ಗೆ ಪಾಲ್ ಇಂಗ್ಲಿಷ್, ಬಾಸ್‌ಗೆ ಬೀ ಸ್ಪಿಯರ್ಸ್, ಹಾರ್ಮೋನಿಕಾಕ್ಕೆ ಮಿಕಿ ರಾಫೆಲ್. ತನ್ನ ಕೈಯಲ್ಲಿ ಟ್ರಿಗರ್, ಮನೆ ಉರಿಯುವಾಗ ಒಳಗಿಂದ ಎತ್ತಿಕೊಂಡು ಬಂದ ಆ ನೈಲಾನ್ ತಂತಿಯ ಮಾರ್ಟಿನ್ ಗಿಟಾರು. ಖರ್ಚು ಬರೀ 4,000 ಡಾಲರಿನಷ್ಟು ಎಂದು ಹೇಳುತ್ತಾರೆ.

ಆಲ್ಬಮ್ ಪೂರ್ತಿ ಕೇಳಲು ಅರ್ಧ ಗಂಟೆಗೆ ಸ್ವಲ್ಪ ಹೆಚ್ಚು ಸಾಕು. ಒಬ್ಬ ಪಾದ್ರಿ. ಹೆಂಡತಿ ಅವನನ್ನು ಬಿಟ್ಟು ಇನ್ನೊಬ್ಬನ ಜೊತೆ ಹೋಗುತ್ತಾಳೆ. ಇವನು ಇಬ್ಬರನ್ನೂ ಕೊಲ್ಲುತ್ತಾನೆ, ಕುದುರೆ ಏರಿ ಊರೂರು ಅಲೆಯುತ್ತಾನೆ, ಕೊನೆಗೆ ಇನ್ನೊಂದು ಪ್ರೀತಿಯ ನೆರಳಿಗೆ ಬರುತ್ತಾನೆ. ವಿಲ್ಲಿ ಹಳೆಯ ಹಾಡುಗಳನ್ನೂ ತನ್ನವನ್ನೂ ಹೆಣೆದು ಮಾಡಿದ ಕಥೆ. ಆ ಕಥೆ ನನಗೆ ಒಪ್ಪಿಗೆಯಿಲ್ಲ, ಅದನ್ನು ಇಲ್ಲೇ ಹೇಳಬೇಕು. ಸತ್ತುಹೋದ ಹೆಂಡತಿಯ ಕುದುರೆಗೆ ಕೈ ಹಾಕಿದಳೆಂದು ಇನ್ನೊಬ್ಬ ಹೆಂಗಸನ್ನೂ ಕೊಲ್ಲುತ್ತಾನೆ, ಹಾಡು ಅದನ್ನು ಅಪರಾಧವೆಂದೇ ಎಣಿಸುವುದಿಲ್ಲ. ಕೇಳಿದಾಗಲೆಲ್ಲ ಅಲ್ಲಿ ನನಗೆ ಚುಚ್ಚುತ್ತದೆ. ಆಲ್ಬಮ್ಮಿಗೆ ಹೆಸರು ಕೊಟ್ಟ ಈ ಹಾಡನ್ನು ವಿಲ್ಲಿ ತನ್ನ ಮಕ್ಕಳಿಗೆ ಮಲಗುವ ಹೊತ್ತಿನಲ್ಲಿ ಹೇಳುತ್ತಿದ್ದನಂತೆ. ಆದರೆ ನಡುವೆ ಬಾಬಿಯ ಪಿಯಾನೊ ಬರುತ್ತದೆ, 'ಜಸ್ಟ್ ಆ್ಯಸ್ ಐ ಆ್ಯಮ್' ಎಂಬ ಇಗರ್ಜಿಯ ಹಾಡು, ಎರಡು ನಿಮಿಷವೂ ಇಲ್ಲ, ಮಾತಿಲ್ಲ. ಟೆಕ್ಸಾಸಿನ ಆಬಟ್ ಎಂಬ ಸಣ್ಣ ಊರಿನಲ್ಲಿ ಅಜ್ಜ-ಅಜ್ಜಿ ಸಾಕಿ, ಸಂಗೀತ ಕಲಿಸಿದ ಇಬ್ಬರು ಮಕ್ಕಳು ಇವರು. ಅಷ್ಟು ವರ್ಷ ನ್ಯಾಶ್‌ವಿಲ್ಲಿನವರು ಮುಚ್ಚಿಟ್ಟದ್ದು ಏನೆಂದು ಆ ತುಣುಕು ಕೇಳಿದರೆ ಗೊತ್ತಾಗುತ್ತದೆ.

ಟೇಪು ಕೊಲಂಬಿಯಾದವರ ಕೈ ಸೇರಿತು. ಅವರಿಗೆ ಅದು ಡೆಮೊದಂತೆ ಕೇಳಿಸಿತು. ಕಚ್ಚಾ ರೆಕಾರ್ಡಿಂಗ್, ಇನ್ನು ಮೇಲೆ ಏನೇನೋ ಸೇರಬೇಕಾದದ್ದು. ಇದೇನಾ? ಇದೇ. ಗೆಳೆಯ, ಗಾಯಕ ವೇಲನ್ ಜೆನ್ನಿಂಗ್ಸ್ ಅವನ ಪರ ನಿಂತು ಗುಡುಗಿದ ಕಥೆಯನ್ನು ಟೆಕ್ಸಾಸಿನ ಸಂಗೀತಪ್ರಿಯರು ಇಂದಿಗೂ ಸಂತೋಷದಿಂದ ಹೇಳುತ್ತಾರೆ. ಒಪ್ಪಂದದ ಆ ಷರತ್ತಿನಿಂದಾಗಿ ಕಂಪನಿ ಕೈ ಕಟ್ಟಿ ಕೂರಬೇಕಾಯಿತು. ಮೇ ತಿಂಗಳಲ್ಲಿ ಆಲ್ಬಮ್ ಇದ್ದ ಹಾಗೇ ಹೊರಬಂತು.

ಆಲ್ಬಮ್ಮಿನಲ್ಲಿದ್ದ, ಫ್ರೆಡ್ ರೋಸ್ 1940ರ ದಶಕದಲ್ಲಿ ಬರೆದಿದ್ದ 'ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್' ಆ ವರ್ಷದ ಅಕ್ಟೋಬರಿನಲ್ಲಿ ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಗಾಯಕನಾಗಿ ವಿಲ್ಲಿಗೆ ಅದೇ ಮೊದಲ ನಂಬರ್ ಒನ್. ಗ್ರ್ಯಾಮಿಯೂ ಬಂತು. ಆಲ್ಬಮ್ಮೂ ಕಂಟ್ರಿ ಪಟ್ಟಿಯ ತುದಿಗೆ ಹೋಯಿತು, ಮುಂದೆ ಡಬಲ್ ಪ್ಲಾಟಿನಮ್, ಅಂದರೆ ಅಮೆರಿಕವೊಂದರಲ್ಲೇ 20 ಲಕ್ಷ ಪ್ರತಿ.

ಮಂಗಳವಾರ ರಾತ್ರಿ ನಿದ್ದೆ ಬರದೆ ಹೊರಳುವಾಗ ಈ ಅಂಕಿಗಳನ್ನೆಲ್ಲ ಅವರಿಗೆ ಬರೆದು ಕಳಿಸಬೇಕೆಂದು ಮನಸ್ಸಾಗಿತ್ತು. ನೋಡಿ, ಹೀಗೇ ಕೇಳಿದವರು ಆಮೇಲೆ ಏನಾದರೆಂದು. ಬೆಳಗಾಗುವಷ್ಟರಲ್ಲಿ ಆ ಆಸೆ ಬಿಟ್ಟುಹೋಯಿತು. ಅಕಸ್ಮಾತ್ ಆಲ್ಬಮ್ ಮಾರಾಟವಾಗದೆ ಗೋದಾಮಿನಲ್ಲಿ ಕೊಳೆತಿದ್ದರೆ? ಬಾಬಿಯ ಪಿಯಾನೊ ಆಗಲೂ ಅದೇ ಪಿಯಾನೊ. ವಿಲ್ಲಿ ಅದೇ ತಡದಲ್ಲಿ ಅದೇ ಸಾಲನ್ನು ಮುಟ್ಟುತ್ತಿದ್ದ. ಆದರೆ ಈ ಕಥೆಯನ್ನು ಯಾರೂ ಹೇಳುತ್ತಿರಲಿಲ್ಲ, ಕಂಪನಿಯವರದೇ ಸರಿ ಎಂದಾಗುತ್ತಿತ್ತು. 20 ಲಕ್ಷದ ಸಾಕ್ಷಿ ಹಿಡಿದು ನಾನು ವಾದಕ್ಕೆ ಹೋದರೆ, ಮಾರಾಟವಾಗದ್ದಕ್ಕೆ ಬೆಲೆಯಿಲ್ಲ ಎಂದು ನಾನೇ ಒಪ್ಪಿಕೊಂಡಂತೆ. ದೊಡ್ಡಮ್ಮನ ಹಾಡು ಯಾವ ಪಟ್ಟಿಗೂ ಏರುವುದಿಲ್ಲ. ಹಬ್ಬದ ದಿನ ಐವತ್ತು ಜನ ಕೇಳಿದರೆ ದೊಡ್ಡದು. ಅವಳಿಗೆ ಒಪ್ಪಂದವೂ ಇಲ್ಲ, ಪರ ನಿಂತು ಗುಡುಗಲು ವೇಲನ್ ಜೆನ್ನಿಂಗ್ಸೂ ಇಲ್ಲ. ಅದಕ್ಕೇ "ತಬಲಾ ಹಾಕ್ಸು ಮಾರಾಯ" ಅಂದಳು. ಎಷ್ಟು ಬೇಗ ಅಂದಳು! ಯಾರೋ ಒಬ್ಬರು ಒಂದು ಮಾತು ಕೇಳಿದ್ದಕ್ಕೆ ಜೀವಮಾನದ ಹಾಡನ್ನು ಬಿಟ್ಟುಕೊಡಲು ತಯಾರಾದಳಲ್ಲ, ನನಗೆ ತಡೆಯಲಾಗದ್ದು ಅದು. ಹೆಂಗಸರ ಹಾಡುಗಳನ್ನು ನಾವು ಇಷ್ಟು ವರ್ಷ ಹಾಗೇ ನಡೆಸಿಕೊಂಡಿದ್ದೇವೆ. ಮದುವೆ ಮನೆಯಲ್ಲಿ ಬ್ಯಾಂಡಿನವರು ಬಂದ ಕೂಡಲೆ ನಿಲ್ಲಬೇಕಾದ ಹಾಡು ಅವರದು.

ವಾದ್ಯಗಳ ಮೇಲೆ ನನಗೆ ಸಿಟ್ಟಿಲ್ಲ. ಕೊಲಂಬಿಯಾದ ಕಡೆ ಈ ಆಲ್ಬಮ್ಮನ್ನು ಮೆಚ್ಚದವರಲ್ಲಿ ನಿರ್ಮಾಪಕ ಬಿಲ್ಲಿ ಶೆರಿಲ್ ಒಬ್ಬರು ಎನ್ನುತ್ತಾರೆ. ಅವರು ಕಿವಿಯಿಲ್ಲದ ಮನುಷ್ಯರಲ್ಲ. 1980ರಲ್ಲಿ ಕಂಟ್ರಿ ಗಾಯಕ ಜಾರ್ಜ್ ಜೋನ್ಸ್‌ನಿಂದ 'ಹೀ ಸ್ಟಾಪ್ಡ್ ಲವಿಂಗ್ ಹರ್ ಟುಡೇ' ಹಾಡಿಸಿದವರು ಅವರೇ. ಅದರಲ್ಲಿ ವಯಲಿನ್ನುಗಳು ಏರಿ ಬರುವಾಗ ನನಗೆ ಗಂಟಲು ಕಟ್ಟುತ್ತದೆ. ಆ ಹಾಡಿಗೆ ಅವು ಬೇಕು. ಒಂದು ಹಾಡಿಗೆ ಬೇಕಾದದ್ದು ಇನ್ನೊಂದಕ್ಕೂ ಬೇಕೇಬೇಕು ಎನ್ನುವುದರಲ್ಲೇ ನನ್ನ ತಕರಾರು. ಅಷ್ಟು ಒಳ್ಳೆಯ ಕಿವಿಗೂ ಈ ಬರಿದು ಹಿಡಿಸಲಿಲ್ಲವೆಂದ ಮೇಲೆ ನಮ್ಮ ಸಾರು-ಅನ್ನದ ಸ್ನೇಹಿತರ ಮೇಲೆ ಕೋಪ ಮಾಡಿಕೊಳ್ಳುವುದು ನ್ಯಾಯವಲ್ಲ.

ಗೆದ್ದ ಮೇಲಾದರೂ ಪ್ರಶ್ನೆ ನಿಂತಿತೇ ಎಂದರೆ, ಇಲ್ಲ. ಮೂರು ವರ್ಷದ ನಂತರ, 1978ರಲ್ಲಿ, ವಿಲ್ಲಿ ತನ್ನ ಬಾಲ್ಯದ ಕಾಲದ ಹಳೆಯ ಜನಪ್ರಿಯ ಹಾಡುಗಳನ್ನು ಬೂಕರ್ ಟಿ. ಜೋನ್ಸ್ ನಿರ್ಮಾಣದಲ್ಲಿ 'ಸ್ಟಾರ್‌ಡಸ್ಟ್' ಎಂದು ಹಾಡಿದಾಗ, ಅದೇ ಕಂಪನಿಯಲ್ಲಿ ಮತ್ತೆ ಹುಬ್ಬುಗಳು ಮೇಲೇರಿದವು. ಕಂಟ್ರಿ ಗಾಯಕ ಇಂಥದ್ದನ್ನು ಹಾಡಿದರೆ ಕೇಳುವವರು ಯಾರು? ಆ ಆಲ್ಬಮ್ ಕಂಟ್ರಿ ಪಟ್ಟಿಯಲ್ಲಿ ಸುಮಾರು 10 ವರ್ಷ ಉಳಿಯಿತು. ಇಷ್ಟಾದರೂ ಅವನು ಪ್ರತಿ ಸಲ ಇದೇ ಫೈನಲ್ ಎಂದು ಹೇಳಲೇಬೇಕಾಯಿತು. ಹಿಂದಿನ ಗೆಲುವು ಮುಂದಿನ ಹಾಡಿನ ಪರವಾಗಿ ಮಾತಾಡುವುದಿಲ್ಲ.

ನಿನ್ನೆ ಅವರಿಗೆ ಎರಡೇ ಸಾಲು ಬರೆದೆ: ಸೇರಿಸುವುದಾದರೆ ಇದ್ದ ಹಾಗೇ ಸೇರಿಸಿ, ಆಗದಿದ್ದರೆ ಬಿಡಿ, ಬೇಸರವಿಲ್ಲ. ಉತ್ತರ ಬಂದಿಲ್ಲ. ದೊಡ್ಡಮ್ಮನಿಗೆ ನಾನು ಬರೆದದ್ದನ್ನು ಓದಿ ಹೇಳಿದೆ. ಅವಳು "ಯಾಕೆ ಸುಮ್ನೆ" ಎಂದಳು, ಎರಡನೆಯ ಸಲವೂ "ಯಾಕೆ ಸುಮ್ನೆ" ಎಂದಳು. ರಾತ್ರಿ ಊಟಕ್ಕೆ ಕೂತಾಗ ಮಾತ್ರ, ಮೂರನೆಯ ನುಡಿಯನ್ನು ತನ್ನ ಅಮ್ಮ ಇನ್ನೂ ನಿಧಾನವಾಗಿ ಹೇಳುತ್ತಿದ್ದಳು, ಅದನ್ನು ಹಾಗೆ ಇನ್ನೊಮ್ಮೆ ಹಿಡಿದುಕೊಳ್ಳಲು ಆಗುತ್ತದಾ ಎಂದು ಕೇಳಿದಳು.