ಕೆಂಪು ಸ್ನಾಯು, ಹಸಿರು ಚರ್ಮ

ಇವತ್ತು ಮೈಕ್ರೋಸ್ಕೋಪ್ ರೂಮಿನ ಲೈಟ್ ಆರಿಸಿ ಕೂತವಳು ಊಟವನ್ನೇ ಮರೆತೆ. ನೋಡುತ್ತಿದ್ದದ್ದು ಒಂದು ಹುಳುವನ್ನು. ಸಿ. ಎಲೆಗಾನ್ಸ್. ಉದ್ದ ಸುಮಾರು 1 ಮಿಲಿಮೀಟರ್, ಮೈ ಗಾಜಿನ ಹಾಗೆ.

ಸ್ನಾಯು ಕೆಂಪಗೆ, ಚರ್ಮ ಹಸಿರಾಗಿ ಹೊಳೀತಿದೆ. ಎರಡು ಕಡೆಯೂ ಇರುವುದು ಅದೇ ಡಿಎನ್‌ಎ!

ಎಲ್ಲಾ ಕತ್ತರಿ ಕೆಲಸ. ಜೀನಿನ ನಕಲಾಗಿ ಬಂದ ಆರ್‌ಎನ್‌ಎಯನ್ನು ಜೀವಕೋಶ ಇದ್ದ ಹಾಗೇ ಬಳಸುವುದಿಲ್ಲ, ಬೇಡದ್ದನ್ನು ಕತ್ತರಿಸಿ ಉಳಿದದ್ದನ್ನು ಅಂಟಿಸುತ್ತದೆ, ಸ್ನಾಯು ಒಂದು ತುಂಡು ಉಳಿಸಿಕೊಂಡರೆ ಚರ್ಮ ಇನ್ನೊಂದನ್ನು, ಯಾವ ತುಂಡು ಉಳಿಯಿತೋ ಅದಕ್ಕೆ ತಕ್ಕ ಬಣ್ಣ ಬರುವ ಹಾಗೆ ನಾವು ಹೊಳೆಯುವ ಪ್ರೋಟೀನಿನ ಜೀನ್ ಸೇರಿಸಿರುತ್ತೇವೆ, ಅಷ್ಟೇ.

ಹುಳುಗಳನ್ನು ಅರೆದು ಆರ್‌ಎನ್‌ಎ ತೆಗೆದರೆ ಯಾವ ಕೋಶ ಏನು ಮಾಡಿತು ಅಂತ ಗೊತ್ತೇ ಆಗುವುದಿಲ್ಲ. ಇಲ್ಲಿ ಹುಳು ಬದುಕಿದೆ, ಹರಿದಾಡುತ್ತಿದೆ. 2006ರಲ್ಲಿ ಜಪಾನಿನ ಕುರೊಯಾನಗಿ ತಂಡ ಎಗ್ಲ್-15 ಅನ್ನೋ ಜೀನಿಗೆ ಹೀಗೆ ಬಣ್ಣ ಕಟ್ಟಿ, ಬಣ್ಣ ತಪ್ಪಿದ ಹುಳುಗಳನ್ನು ಹೆಕ್ಕಿಯೇ ಈ ಕತ್ತರಿಯನ್ನು ನಿಯಂತ್ರಿಸುವ ಪ್ರೋಟೀನನ್ನು ಹಿಡಿದಿತ್ತು.

ಅಮ್ಮನಿಗೆ ಫೋಟೋ ಕಳಿಸಿದೆ. "ಚೆನ್ನಾಗಿದೆ, ಊಟ ಆಯ್ತಾ?" ಅಂದರು.