ಕಾರಂಜಿ ಕೆರೆಯಿಂದ ಹೊರಟು ನಿಂತ ಹಕ್ಕಿಗಳು

ನವೆಂಬರ್ ಬಂತೆಂದರೆ ಮೈಸೂರಿನಲ್ಲಿ ಹಕ್ಕಿ ನೋಡುವವರಿಗೆ ಹಬ್ಬ. ಹದಿನಾರು ಕೆರೆಗೆ ಪಟ್ಟೆ ಹೆಬ್ಬಾತು ಬಂದವಾ, ಎಷ್ಟು ಬಂದಿವೆ ಅಂತ ಒಬ್ಬರನ್ನೊಬ್ಬರು ಕೇಳುತ್ತಲೇ ಇರುತ್ತಾರೆ. ಅವೇ ಹಕ್ಕಿಗಳು ಮಾರ್ಚ್, ಏಪ್ರಿಲ್‌ನಲ್ಲಿ ವಾಪಸ್ ಹೊರಟಾಗ ಕೇಳುವವರೇ ಇಲ್ಲ. ಮನೆಗೆ ಬಂದ ನೆಂಟರನ್ನು ಬಾಗಿಲವರೆಗೂ ಹೋಗಿ ಕಳಿಸಿಕೊಡುತ್ತೇವೆ, ಅಲ್ವಾ? ಅದಕ್ಕೇ ಯುಗಾದಿ ಹತ್ತಿರವಾದಂತೆ ನಾನು ಕಾರಂಜಿ ಕೆರೆ ಪಾರ್ಕಿಗೆ ಹೋಗುವುದು ಜಾಸ್ತಿಯಾಗುತ್ತದೆ.

ಮೃಗಾಲಯದ ಪಕ್ಕದಲ್ಲೇ ಇರುವ, ಅವರೇ ನೋಡಿಕೊಳ್ಳುವ ಪಾರ್ಕ್ ಇದು. ಮಂಗಳವಾರ ರಜೆ. ಬೇಸಿಗೆ ಶುರುವಾಗುವ ಹೊತ್ತಿಗೆ ಕೆರೆಯೊಳಗಿನ ನಡುಗಡ್ಡೆಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಗೂಡಿನ ಗಲಾಟೆ. ಬಂದವರೆಲ್ಲ ಕಂಬಿ ಹಿಡಿದು ಅತ್ತಲೇ ನೋಡುತ್ತಾರೆ. ನೋಡುವಂಥದ್ದೇ ಬಿಡಿ. ನಾನು ಮಾತ್ರ ಕೆರೆಗೆ ಬೆನ್ನು ಹಾಕಿ ಹೊಂಗೆ ಮರ ನೋಡುತ್ತಾ ನಿಂತಿರುತ್ತೇನೆ. ಕಳೆದ ಸಲ ಒಬ್ಬ ಪುಟ್ಟ ಹುಡುಗ ಬಂದು, "ಆಂಟಿ, ಪಕ್ಷಿ ಎಲ್ಲಾ ಆ ಕಡೆ ಇದೆ" ಅಂದ.

"ಇಲ್ಲೂ ಒಂದಿದೆ ಪುಟ್ಟಾ, ಕೇಳು."

ಮೇಲಿಂದ 'ಚಿಸ್‌ವೀ' ಅಂತ ಬಂತು. ಅವನು ತಲೆ ಎತ್ತಿ ತುಂಬಾ ಹೊತ್ತು ಹುಡುಕಿದ. ಎಲೆ ಯಾವುದು, ಹಕ್ಕಿ ಯಾವುದು ಗೊತ್ತಾಗುವುದು ಕಷ್ಟ. ಆದರೆ ಅವರಪ್ಪ ಕರೆದರೂ ಅಲ್ಲಿಂದ ಕದಲಲಿಲ್ಲ.

ಅದು ಗ್ರೀನಿಷ್ ವಾರ್ಬ್ಲರ್. ತೂಕ ಏಳೆಂಟು ಗ್ರಾಂ. ಮೈ ಮಾಸಲು ಹಸಿರು, ಕಣ್ಣಿನ ಮೇಲೊಂದು ತೆಳು ಹುಬ್ಬು, ರೆಕ್ಕೆಯಲ್ಲಿ ಒಂದು ಸಣ್ಣ ಬಿಳಿ ಗೆರೆ. ಅಷ್ಟೇ. ಫೋಟೋದವರು ಇದರ ಕಡೆ ಕ್ಯಾಮೆರಾ ತಿರುಗಿಸುವುದೇ ಅಪರೂಪ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಉತ್ತರದಿಂದ ಬಂದು ಒಂದೆರಡು ಮರಗಳನ್ನು ತನ್ನದು ಮಾಡಿಕೊಳ್ಳುತ್ತದೆ. ಚಳಿಗಾಲವೆಲ್ಲ ಅಲ್ಲೇ ಹುಳ ಹೆಕ್ಕುತ್ತಾ, ಬೇರೆಯವರು ಬಂದರೆ ಕೂಗಿ ಓಡಿಸುತ್ತಾ ಇರುತ್ತದೆ. ಹೊರಡುವ ಮುಂಚೆ ಹಳೇ ಗರಿ ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತದೆ. ಮೈಗೆ ಕೊಬ್ಬು ಸೇರಿಸುತ್ತದೆ. ಮಾರ್ಚ್ ಕೊನೆಗೆ ಕಿವಿಗೊಟ್ಟರೆ ಕೆಲವು ಬರೀ ಕೂಗುವುದಲ್ಲ, ಹಾಡುವುದನ್ನೂ ಶುರು ಮಾಡಿರುತ್ತವೆ. ಹಾಡಿಗೆ ಉತ್ತರ ಸಿಗಬೇಕಾದ್ದು ಹಿಮಾಲಯದಲ್ಲೋ ಮಧ್ಯ ಏಷ್ಯಾದಲ್ಲೋ. ಅಭ್ಯಾಸ ಮಾತ್ರ ನಮ್ಮ ಹೊಂಗೆ ಮರದಲ್ಲಿ!

ಹೊರಡುವ ಹೊತ್ತಾಯಿತು ಅಂತ ಇದಕ್ಕೆ ಹೇಗೆ ತಿಳಿಯುತ್ತದೆ? ಉತ್ತರದ ದೇಶಗಳಲ್ಲಾದರೆ ಹಗಲು ಉದ್ದವಾಗುವುದು ಎದ್ದು ಕಾಣುತ್ತದೆ. ಮೈಸೂರಿನಲ್ಲಿ ಡಿಸೆಂಬರ್ ಹಗಲಿಗೂ ಜೂನ್ ಹಗಲಿಗೂ ಒಂದೂವರೆ ಗಂಟೆಯಷ್ಟೂ ವ್ಯತ್ಯಾಸವಿಲ್ಲ. 1960ರ ದಶಕದಲ್ಲಿ ಜರ್ಮನಿಯ ಹಕ್ಕಿ ವಿಜ್ಞಾನಿ ಎಬರ್‌ಹಾರ್ಡ್ ಗ್ವಿನ್ನರ್ ಈ ಹಕ್ಕಿಯ ಹತ್ತಿರದ ಸಂಬಂಧಿಯಾದ ವಿಲೋ ವಾರ್ಬ್ಲರ್‌ಗಳನ್ನು ಒಳಗಿಟ್ಟು ಸಾಕಿದರು. ಯಾವಾಗಲೂ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ. ಹೊರಗಿನ ಋತುವಿನ ಸುಳಿವೇ ಇಲ್ಲ. ಆದರೂ ಅವು ಸರಿಸುಮಾರು ವರ್ಷದ ಲೆಕ್ಕಕ್ಕೇ ಗರಿ ಬದಲಿಸಿದವು, ಹೊರಡುವ ಕಾಲಕ್ಕೆ ರಾತ್ರಿಯೆಲ್ಲ ಪಂಜರದಲ್ಲಿ ಚಡಪಡಿಸಿದವು. ವರ್ಷದ ಲೆಕ್ಕ ಮೈಯೊಳಗೇ ಇದೆ. ಇದನ್ನು ಓದಿದ ಮೇಲೆ ಆ ಮಾಸಲು ಹಕ್ಕಿಯನ್ನು ಸುಮ್ನೆ ನೋಡಿ ಮುಂದೆ ಹೋಗಲು ನನಗೆ ಆಗಿಲ್ಲ.

ಎಲ್ಲವೂ ಒಟ್ಟಿಗೆ ಹೊರಡುವುದಿಲ್ಲ. ಹೆಬ್ಬಾತುಗಳು ಮೊದಲು. ಅವು ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾ ಕಡೆ ಹೋಗಬೇಕು. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಸುತ್ತಲಿನ ಕೆರೆಗಳಲ್ಲೇ ಸಿಕ್ಕಿವೆ. ಆಮೇಲೆ ಬೂದು ಕುಂಡೆಕುಸ್ಕ, ಬೂದು ಕಾಜಾಣ. ಕಂದು ಕೀಚುಗ ಏಪ್ರಿಲ್ ಮುಗಿಯುತ್ತಾ ಬಂದರೂ ಬೇಲಿ ಮೇಲೆ ಕೂತಿರುತ್ತದೆ. ಇವು ಜಾಗ ಖಾಲಿ ಮಾಡುವ ಸಮಯಕ್ಕೇ ನೀಲಿಬಾಲದ ಕಳ್ಳಿಪೀರಗಳು ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಡಕ್ಕೆ ಬಂದು, ಮಣ್ಣಿನಲ್ಲಿ ಬಿಲ ಕೊರೆದು ಮರಿ ಮಾಡುತ್ತವೆ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಹಕ್ಕಿ ಬಂದ ದಿನ ಬರೆದಿಡುವುದು ಸುಲಭ. ನೋಡಿದೆವು, ಬರೆದೆವು. ಹೋದ ದಿನ ಹಾಗಲ್ಲ. ಇವತ್ತು ಕೂಗಿದ್ದೇ ಕೊನೆಯದು ಅಂತ ಇವತ್ತು ಯಾರಿಗೂ ಗೊತ್ತಿರುವುದಿಲ್ಲ. ನಾಳೆ, ನಾಡಿದ್ದು, ಆಚೆ ವಾರ ಹೋಗಿ, ಏನೂ ಕೇಳಿಸದಿದ್ದಾಗಲೇ ತಿಳಿಯುವುದು. 2007ರಲ್ಲಿ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಿಂದ, ವಲಸೆ ಹಕ್ಕಿಗಳ ದಾಖಲೆ ಕೂಡಿಸುವ ಮೈಗ್ರಂಟ್‌ವಾಚ್ ಯೋಜನೆ ಶುರುವಾದಾಗ ಸಾಮಾನ್ಯ ಜನರಿಂದ ಕೇಳಿದ್ದು ಇಂಥ ಮಾಹಿತಿಯನ್ನೇ. ಈಗ ನಾವು ಇ-ಬರ್ಡ್ ಎಂಬ ಹಕ್ಕಿ ದಾಖಲೆಯ ವೆಬ್‌ಸೈಟಿಗೆ ಪಟ್ಟಿ ಹಾಕುತ್ತೇವೆ. ಅಲ್ಲಿ ಕಂಡದ್ದು, ಕೇಳಿದ್ದು ಎಲ್ಲ ಸೇರಿಸಿ ಪೂರ್ತಿ ಪಟ್ಟಿ ಕೊಟ್ಟರೆ, ಅದರಲ್ಲಿ ಇಲ್ಲದ ಹೆಸರೂ ಕೆಲಸಕ್ಕೆ ಬರುತ್ತದೆ. ಭೂಮಿ ಬಿಸಿಯಾಗುತ್ತಾ ಹೋದಂತೆ ಹಕ್ಕಿಗಳು ಬೇಗ ಹೊರಡುತ್ತಿವೆಯಾ ಅನ್ನುವುದನ್ನು ತಿಳಿಯಲು ಈ ಖಾಲಿ ದಿನಗಳೂ ಬೇಕು. ಆದರೆ ಬಿಸಿಲೇರಿದಂತೆ ನಮ್ಮವರ ದುರ್ಬೀನು ಬೀರು ಸೇರಿಬಿಡುತ್ತದೆ. ವಲಸೆ ಸೀಸನ್ ಮುಗೀತು ಅಂತಾರೆ. ಮುಗಿದದ್ದು ಯಾವತ್ತು ಅಂತ ನೋಡಿದವರು ಯಾರು?

ಆದ್ದರಿಂದ ಏಪ್ರಿಲ್ ಎರಡನೇ ಭಾಗದಲ್ಲೂ, ಮೇ ಮೊದಲ ವಾರದಲ್ಲೂ ದಯವಿಟ್ಟು ಒಮ್ಮೆ ಹೋಗಿ. ಕಾರಂಜಿ ಗೇಟು ತೆರೆಯುವಷ್ಟರಲ್ಲಿ ಬಿಸಿಲು ಬಂದಿರುತ್ತದೆ ಅನ್ನುವವರು ಕುಕ್ಕರಹಳ್ಳಿ ಕೆರೆಗೆ ಹೋಗಬಹುದು. ಏರಿ ಮೇಲೆ ವಾಕಿಂಗ್ ಬರುವವರು ಹತ್ತು ನಿಮಿಷ ಇಯರ್‌ಫೋನ್ ತೆಗೆದರೂ ಸಾಕು. ದುರ್ಬೀನು ಬೇಡ, ಕಿವಿ ಇದ್ದರಾಯಿತು. 'ಚಿಸ್‌ವೀ' ಕೇಳಿಸಿದರೆ ತಾರೀಖು ಬರೆದುಕೊಳ್ಳಿ. ಕೇಳಿಸದಿದ್ದರೂ ಬರೆದುಕೊಳ್ಳಿ.